ದೊಡ್ಡ ಕ್ಯಾನು, ಸಣ್ಣ ಬಾಟಲಿ

ಒಂದೇ ಮನೆಯ ಇಬ್ಬರಿಗೆ, ಒಂದೇ ದಿನದ ಒಂದೇ ಪರೀಕ್ಷೆಗೆ, ಆಸ್ಪತ್ರೆಯವರು ಎರಡು ಥರದ ಔಷಧಿ ಯಾಕೆ ಕೊಟ್ಟರು ಎಂಬುದು ಅಕ್ಕನಿಗೆ ಮೊದಲಿನಿಂದಲೂ ಸರಿಬರಲಿಲ್ಲ. ಲಾಂಡ್ರಿಯ ಹಿಂಭಾಗದಲ್ಲಿ ಕೊಳೆ ಬಟ್ಟೆ ವಿಂಗಡಿಸುವ ಉದ್ದನೆಯ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನೋಡಿದಳು. ತಮ್ಮನಿಗೆ ಕೊಟ್ಟದ್ದು ನಾಲ್ಕು ಲೀಟರ್ ಹಿಡಿಯುವ ಪ್ಲಾಸ್ಟಿಕ್ ಕ್ಯಾನು, ತಳದಲ್ಲಿ ಬಿಳಿಯ ಪುಡಿ. ನೀರು ತುಂಬಿ, ಕಲಕಿ, ಅಷ್ಟನ್ನೂ ಕುಡಿಯಬೇಕು. ಅವಳಿಗೆ ಕೊಟ್ಟದ್ದು ಕೆಮ್ಮಿನ ಔಷಧಿಯ ಗಾತ್ರದ ಎರಡು ಬಾಟಲಿ. ಸಂಜೆ ಒಂದು, ಬೆಳಗಿನ ಜಾವ ಒಂದು, ಹಿಂದೆಯೇ ಹೊಟ್ಟೆ ತುಂಬ ನೀರು. ಎರಡರ ಕೆಲಸವೂ ಒಂದೇ. ನಾಳೆ ಬೆಳಿಗ್ಗೆ ಡಾಕ್ಟರು ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವಾಗ ಅಲ್ಲಿ ಒಂದು ಚೂರು ಕಸ ಇರಬಾರದು.

ತೊಳೆಯುವ ವಿಚಾರದಲ್ಲಿ ಅಕ್ಕನಿಗೆ ಪಾಠ ಹೇಳುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಅವಳು ಬೀದಿಗೆಲ್ಲ ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ ಅಕ್ಕ. ಮುಂದಿನ ಕೋಣೆಯಲ್ಲಿ ಲಾಂಡ್ರಿ, ಹಿಂದಿನ ಎರಡು ಕೋಣೆಯಲ್ಲಿ ಮನೆ. ಮೂರು ಹೋಟೆಲಿನ ಹಾಸಿಗೆ ಬಟ್ಟೆ ಅವಳ ಯಂತ್ರಗಳಲ್ಲೇ ತಿರುಗಿ ಬಿಳಿಯಾಗಬೇಕು. ಯಾವ ಬಟ್ಟೆಗೆ ಎಷ್ಟು ನೀರು, ಎಷ್ಟು ಪುಡಿ ಎಂದು ಬೆರಳ ತುದಿಯಲ್ಲೇ ಹೇಳಿಬಿಡುವಳು. ತೊಳೆಯುವುದು ಅವಳು, ಇಸ್ತ್ರಿ ಹಾಕುವುದು ತಮ್ಮ. ಅವನನ್ನು ಅವಳು ಮರಿ ಎಂದು ಕರೆಯುತ್ತಿದ್ದಳು. ಮರಿಗೆ ಈಗ ಮೀಸೆ ನರೆತಿತ್ತು, ಮದುವೆಯಾದ ಮಗಳಿದ್ದಳು, ದಿನವಿಡೀ ನಿಂತು ನಿಂತು ಸೊಂಟ ಹಿಡಿದುಕೊಂಡು ನೋವಿನ ಮಾತ್ರೆಯನ್ನು ಕಡಲೆಯ ಹಾಗೆ ನುಂಗುವ ಚಟವಿತ್ತು. ಆದರೂ ಮರಿ ಮರಿಯೇ.

ಅವರ ತಾಯಿ ಹೋದದ್ದು ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ. ಮಕ್ಕಳಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಆಗಲೇ ಡಾಕ್ಟರು ಹೇಳಿದ್ದರು. ಇಬ್ಬರೂ ಹೂಂ ಎಂದು ತಲೆಯಾಡಿಸಿ ಬಂದು, ವರ್ಷಗಟ್ಟಲೆ ಆ ಮಾತನ್ನು ಮೂಲೆಗೆ ಹಾಕಿದ್ದರು. ಕೆಲವು ತಿಂಗಳ ಹಿಂದೆ ಮರಿಗೆ ಬಹಿರ್ದೆಸೆಯಲ್ಲಿ ರಕ್ತ ಕಾಣಿಸಿತು. ಅವನು ಹೆಂಡತಿಗೆ ಹೇಳುವ ಮೊದಲು ಅಕ್ಕನಿಗೆ ಹೇಳಿದ. ಅವತ್ತಿನಿಂದ ಅಕ್ಕನಿಗೆ ಅನ್ನ ರುಚಿಸಲಿಲ್ಲ. ತಾಯಿಯ ಕೊನೆಯ ದಿನಗಳನ್ನು ಅವಳೇ ನೋಡಿಕೊಂಡವಳು. ಆ ಮೈ ಹೇಗೆ ಇಳಿಯಿತು, ಆ ನೋವು ಹೇಗಿತ್ತು ಎಂದು ಅವಳ ಕೈಗೇ ಗೊತ್ತು. ಅದು ಮರಿಗೆ ಬಂದಿದ್ದರೆ?

ಪರೀಕ್ಷೆಯ ದಿನ ಸಿಗಲು ಬಹಳ ಕಾದಿದ್ದರು. ಡಾಕ್ಟರು ಜೊತೆಯಲ್ಲಿ ಅವಳ ಹೆಸರನ್ನೂ ಬರೆದುಕೊಂಡಾಗ ಅವಳು ಬೇಡ ಎನ್ನಲಿಲ್ಲ. ತನ್ನದು ಏನಿದ್ದರೂ ಮರಿಯ ಪರೀಕ್ಷೆಯ ಮೇಲೆ ಹಾಕಿದ ಕೊಸರು ಎಂದುಕೊಂಡಳು. ಅವಳ ಚಿಂತೆಯೆಲ್ಲ ಬೇರೆ. ಹೊಟ್ಟೆ ಸರಿಯಾಗಿ ಶುದ್ಧವಾಗಿರದಿದ್ದರೆ ಮೇಜಿನ ಮೇಲಿಂದಲೇ ಎಬ್ಬಿಸಿ ಕಳಿಸುತ್ತಾರಂತೆ, ಮತ್ತೆ ಸಾಲಿನ ತುದಿಗೆ ಹೋಗಿ ನಿಲ್ಲಬೇಕಂತೆ. ಅವಳ ಗಿರಾಕಿ, ಎದುರು ಬೀದಿಯ ಬೇಕರಿಯವನಿಗೆ ಹಾಗೇ ಆಗಿತ್ತು. ರಕ್ತ ಬೀಳುತ್ತಿರುವ ಮನುಷ್ಯ ಮತ್ತಷ್ಟು ತಿಂಗಳು ಕಾಯುವುದೆಂದರೆ ಅವಳಿಗೆ ಎದೆ ಧಸಕ್ಕೆನ್ನುತ್ತಿತ್ತು. ಮರಿಯ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಮಧ್ಯಾಹ್ನ ಫೋನ್ ಮಾಡಿ ಅತ್ತಿದ್ದಳು.

"ಅಕ್ಕ, ಅವರನ್ನ ನಿಮ್ಮ ಕೈಲಿ ಬಿಟ್ಟಿದೀನಿ. ಹೇಗಾದ್ರೂ ಮಾಡಿ ಕುಡಿಸಿ."

"ನೀನು ಕೂಸನ್ನ ನೋಡ್ಕೋ. ಇಲ್ಲಿ ನಾನಿದೀನಿ," ಎಂದಿದ್ದಳು ಅಕ್ಕ.

ಸಂಜೆ ಯಂತ್ರಗಳನ್ನು ನಿಲ್ಲಿಸಿ, ಕೆಲಸದವರನ್ನು ಬೇಗ ಕಳಿಸಿ, ಬಾಗಿಲು ಹಾಕಿಕೊಂಡು ಶುರುಮಾಡಿದರು. ಮರಿ ಮೊದಲನೆಯ ಲೋಟ ಎತ್ತಿ ಮೂಸಿದ.

"ಏನ್ ವಾಸನೆ ಅಕ್ಕ ಇದು. ಗಂಜಿ ನೀರಿಗೆ ಉಪ್ಪು ಹಾಕಿ ಎಣ್ಣೆ ಕದಡಿದ ಹಾಗಿದೆ."

"ಮೂಸೋಕ್ ಕೊಟ್ಟಿಲ್ಲ. ಕುಡಿ."

ಅವನು ಕುಡಿದ. ಕುಡಿದು ಮುಖ ಸಿಂಡರಿಸಿಕೊಂಡು ಗೋಡೆ ನೋಡಿದ. ಎರಡನೆಯ ಲೋಟವನ್ನು ಅವಳೇ ಅವನ ಬಾಯಿಗೆ ಹಿಡಿದಳು. ಮೂರನೆಯದು ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಅವನು ಬಚ್ಚಲಿಗೆ ಓಡಿ, ಕುಡಿದದ್ದನ್ನೆಲ್ಲ ಕಕ್ಕಿಬಿಟ್ಟ. ಹೊರಬಂದಾಗ ಕಣ್ಣಲ್ಲಿ ನೀರು.

"ಆಗಲ್ಲ. ನನ್ ಕೈಲಿ ಆಗಲ್ಲ ಅಕ್ಕ."

"ಸ್ವಲ್ಪ ಹೊತ್ತು ಸುಧಾರಿಸ್ಕೋ."

"ಸುಧಾರಿಸ್ಕೊಂಡ್ರೆ ಕ್ಯಾನಿನಲ್ಲಿರೋದು ಕಮ್ಮಿ ಆಗತ್ತಾ? ನೋಡು, ಒಂದು ಗೆರೆ ಇಳಿದಿಲ್ಲ."

ನಿಜವಾಗಿಯೂ ಹೆಚ್ಚೇನೂ ಇಳಿದಿರಲಿಲ್ಲ. ಅಕ್ಕ ಕ್ಯಾನನ್ನು ನೋಡಿದಳು, ತನ್ನ ಸಣ್ಣ ಬಾಟಲಿಗಳನ್ನು ನೋಡಿದಳು. ಹೊರಗೆ ಬೀದಿದೀಪ ಹತ್ತಿತ್ತು. ಅರ್ಧ ಕ್ಯಾನು ಊಟದ ಹೊತ್ತಿನೊಳಗೆ ಮುಗಿಯಬೇಕು, ಉಳಿದರ್ಧ ಬೆಳಗಿನ ಜಾವ. ಹೀಗೆ ವಾಂತಿ ಮಾಡುತ್ತಾ ಕೂತರೆ ಮುಗಿದ ಹಾಗೇ.

"ನಿಂಗ್ಯಾಕೆ ದೊಡ್ಡದು ಕೊಟ್ರು ಅಂತ ನರ್ಸ್ ಹೇಳಿದ್ರಾ?" ಎಂದು ಕೇಳಿದಳು. ಔಷಧಿ ಕೊಟ್ಟು ವಿವರ ಹೇಳುವ ಹೊತ್ತಿಗೆ ಸರಿಯಾಗಿ ಹೋಟೆಲಿನವರ ಫೋನ್ ಬಂದು ಅವಳು ಹೊರಗೆ ಹೋಗಿದ್ದಳು. ಒಳಗೆ ಕೂತು ಕೇಳಿಸಿಕೊಂಡವನು ಮರಿ ಒಬ್ಬನೇ.

"ಕಿಡ್ನಿ ಸ್ವಲ್ಪ ವೀಕ್ ಅಂತೆ," ಎಂದ ಮರಿ, ನೆಲ ನೋಡುತ್ತಾ. "ರಕ್ತ ಪರೀಕ್ಷೆಲಿ ಬಂದಿದೆ. ಮಾತ್ರೆ ನುಂಗಿ ನುಂಗಿ."

"ಕಿಡ್ನಿ ವೀಕ್ ಅಂತ ನಾಲ್ಕು ಲೀಟರ್ ಕುಡಿಸ್ತಾರಾ? ಅವರಿಗೇನು ತಲೆ ಇದೆಯಾ?"

ಅಕ್ಕನ ತಲೆಯಲ್ಲಿ ಲೆಕ್ಕ ಓಡಿತು, ಅವಳ ಕಸುಬಿನ ಲೆಕ್ಕ. ದೊಡ್ಡ ಡ್ರಮ್ಮು, ತುಂಬ ನೀರು, ಮುಷ್ಟಿಗಟ್ಟಲೆ ಪುಡಿ ಎಂದರೆ ಅದು ಹೋಟೆಲಿನ ಮೇಜುಬಟ್ಟೆಗೆ, ಒರಟು ಟವೆಲಿಗೆ. ಬಡಿಸಿಕೊಂಡು ತಡೆದುಕೊಳ್ಳುವ ಬಟ್ಟೆ ಅದು. ನೂಲು ಸವೆದದ್ದು, ರೇಷ್ಮೆ, ಹಳೆಯದು ಬಂದರೆ ಅದಕ್ಕೆ ಸಣ್ಣ ಬೋಗುಣಿ, ಒಂದು ಮುಚ್ಚಳ ಸೋಪಿನ ನೀರು, ಅಷ್ಟೇ. ಮೈಯೊಳಗೆ ಒಂದು ಅಂಗ ಸವೆದಿದೆ ಎಂದ ಮೇಲೆ ಅವನಿಗೆ ಬೋಗುಣಿಯ ಔಷಧಿ ಕೊಡಬೇಕೋ ಡ್ರಮ್ಮಿನದ್ದೋ? ಆಸ್ಪತ್ರೆಯಲ್ಲಿ ಚೀಲ ಅದಲುಬದಲಾಗಿದೆ ಎಂದು ಅವಳಿಗೆ ಖಾತ್ರಿಯೇ ಆಯಿತು. ಕಲ್ಲು ಗುಂಡಿನಂತಿರುವ ತನಗೆ ಮೆತ್ತನೆಯದು, ವಾಂತಿ ಮಾಡುತ್ತಿರುವ ಮರಿಗೆ ಗಟ್ಟಿಯದು! ಜೊತೆಗೆ ಕೊಟ್ಟಿದ್ದ ಕಾಗದವನ್ನು ಅವಳು ಬಿಡಿಸಿಯೂ ನೋಡಲಿಲ್ಲ. ಸೋಪಿನ ಪುಡಿಯ ಡಬ್ಬದ ಮೇಲೆ ಅಚ್ಚಾದದ್ದನ್ನು ಅವಳು ಯಾವತ್ತೂ ಓದಿದವಳಲ್ಲ, ಓದದೇ ಇಷ್ಟು ವರ್ಷ ಬಟ್ಟೆ ಬಿಳಿ ಮಾಡಿದವಳು.

"ತಗೋ, ಇದನ್ನ ಕುಡಿ," ಎಂದು ಸಣ್ಣ ಬಾಟಲಿಯ ಮುಚ್ಚಳ ತಿರುಗಿಸಿ ಅವನ ಮುಂದೆ ಇಟ್ಟಳು. "ಎರಡು ಗುಟುಕು. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗಿಯತ್ತೆ. ಕ್ಯಾನು ನಾನು ನೋಡ್ಕೋತೀನಿ."

ಮರಿ ಬಾಟಲಿಯನ್ನು ನೋಡಿದ, ಅಕ್ಕನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ.

"ನಿಂಗೆ ಕಷ್ಟ ಆಗಲ್ವಾ?"

"ನನ್ನ ಹೊಟ್ಟೆ ಬಾವಿ ಇದ್ದ ಹಾಗೆ. ಕುಡಿ ಅಂದ್ರೆ."

ಅವನು ಕುಡಿದ. ಉಪ್ಪುಪ್ಪು ಎಂದ, ಆದರೆ ಒಳಗೆ ನಿಂತಿತು. ಹಿಂದೆಯೇ ನೀರು ಕುಡಿಯಬೇಕಿತ್ತು. ಒಂದು ಲೋಟ ಕುಡಿದು ಸಾಕು ಎಂದು ಕೈಯಾಡಿಸಿದ. ಅವಳೂ ಬಲವಂತ ಮಾಡಲಿಲ್ಲ. ಅವನ ಮುಖದಲ್ಲಿ ಸ್ವಲ್ಪ ಬಣ್ಣ ಬಂದದ್ದು ಕಂಡು ಅವಳಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆಮೇಲೆ ಅಕ್ಕ ಕ್ಯಾನಿನ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಬಟ್ಟೆ ಗಂಟು ಎಣಿಸುವಷ್ಟೇ ನಿರ್ಲಿಪ್ತವಾಗಿ ಲೋಟದ ಮೇಲೆ ಲೋಟ ಇಳಿಸುತ್ತಾ ಹೋದಳು.

ಮನೆಗೆ ಇದ್ದದ್ದು ಒಂದೇ ಕಕ್ಕಸು. ಅದರ ಮುಂದೆ ಆ ಸಂಜೆ ನಡೆದದ್ದನ್ನು ಬರೆದರೆ ಮರ್ಯಾದಸ್ಥರು ಮೂಗು ಮುಚ್ಚಿಕೊಂಡಾರು. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ಗೋಡೆ ಹಿಡಿದು ನಿಂತು ಬಾಗಿಲು ಬಡಿಯುವುದು.

"ಮರಿ, ಒಳಗೇನು ಇಸ್ತ್ರಿ ಹಾಕ್ತಿದೀಯಾ? ಬೇಗ ಬಾ!"

"ಈಗ ತಾನೇ ಕೂತೆ ಅಕ್ಕ!"

"ನಾನು ನಿಂತಲ್ಲೇ ಹೋದ್ರೆ ಒರೆಸೋದು ನೀನೇ!"

ಇಬ್ಬರೂ ನಕ್ಕರು, ನಗಲು ಹೋಗಿ ಇಬ್ಬರಿಗೂ ಫಜೀತಿಯಾಯಿತು. ತಾಯಿ ಸತ್ತ ಮೇಲೆ ಅವರಿಬ್ಬರೂ ಅಷ್ಟು ನಕ್ಕದ್ದು ಅಕ್ಕನಿಗೆ ನೆನಪಿರಲಿಲ್ಲ. ಮಲಗುವ ಮುಂಚೆ ಎರಡು ಔಷಧಿಗಳ ಹೋಲಿಕೆಯೂ ಆಯಿತು. ಅಕ್ಕನದ್ದು ಆಗಲೇ ಬಟ್ಟೆ ಜಾಲಿಸಿದ ಕೊನೆಯ ನೀರಿನಷ್ಟು ತಿಳಿಯಾಗುತ್ತಿತ್ತು. ಮರಿಯದ್ದು ಇನ್ನೂ ಕದಡು. ಬೆಳಗಿನ ಜಾವದ ಬಾಟಲಿಗೆ ಸರಿಹೋಗುತ್ತದೆ ಎಂದು ಅವಳೇ ಧೈರ್ಯ ಹೇಳಿದಳು.

ಬೆಳಗಿನ ಜಾವದ ಬಾಟಲಿಯನ್ನು ಅವನು ತಕರಾರಿಲ್ಲದೆ ಕುಡಿದ. ತಕರಾರು ಮಾಡದೇ ಇದ್ದದ್ದೇ ಅವಳಿಗೆ ಸ್ವಲ್ಪ ವಿಚಿತ್ರವೆನಿಸಿತು. ನೀರು ಕೊಟ್ಟರೆ ಬೇಡ ಎಂದ. ಬಟ್ಟೆ ಹಾಕಿಕೊಳ್ಳುವಾಗ ಅಂಗಿಯ ಗುಂಡಿ ಅವನ ಕೈಗೆ ಸಿಗಲಿಲ್ಲ. ಇಸ್ತ್ರಿ ಬಟ್ಟೆಯ ಮಡಿಕೆಯನ್ನು ಕಣ್ಣು ಮುಚ್ಚಿ ಹಿಡಿಯುವ ಬೆರಳುಗಳು ಗುಂಡಿಯ ಸುತ್ತ ತಡಕಾಡಿದವು.

"ಏನಾಯ್ತು?"

"ಕೈ ಜುಮ್ ಅಂತಿದೆ. ತುಟಿನೂ."

"ಹೊಟ್ಟೇಲಿ ಏನೂ ಇಲ್ವಲ್ಲ, ಅದಕ್ಕೆ," ಎಂದಳು ಅಕ್ಕ, ಅವನ ಗುಂಡಿ ಹಾಕುತ್ತಾ. ಆಟೋ ಹಿಡಿದು ಹೋಗುವಾಗ ಅವನು ಕಣ್ಣು ಮುಚ್ಚಿ ಅವಳ ಭುಜಕ್ಕೆ ಒರಗಿದ್ದ. ಭಾರವೆಲ್ಲ ಅವಳ ಮೇಲೆ ಬಿಟ್ಟಿದ್ದ.

ಪರೀಕ್ಷೆಯ ವಿಭಾಗದಲ್ಲಿ ಪರದೆ ಎಳೆದ ಮಂಚಗಳು ಸಾಲಾಗಿದ್ದವು. ಅಕ್ಕತಮ್ಮಂದಿರಿಗೆ ಅಕ್ಕಪಕ್ಕದ ಮಂಚ ಸಿಕ್ಕಿತು. ನಡುವಿನ ಪರದೆಯನ್ನು ಅಕ್ಕ ತಾನೇ ಸರಿಸಿದಳು. ಬೆನ್ನ ಹಿಂದೆ ಕಟ್ಟುವ ಹಸಿರು ಗೌನು ಹಾಕಿಕೊಂಡು ಮರಿ ಕೂತಿದ್ದ. ಮುಖ ಒಗೆದು ಒಗೆದು ಬಣ್ಣ ಹೋದ ಬಟ್ಟೆಯಂತಾಗಿತ್ತು. ನರ್ಸ್ ಬಂದಳು, ಔಷಧಿ ಕೊಟ್ಟಿದ್ದವಳಲ್ಲ, ಬೇರೊಬ್ಬಳು, ಅವಸರದವಳು.

"ಔಷಧಿ ಪೂರ್ತಿ ಕುಡಿದ್ರಾ?"

"ಪೂರ್ತಿ," ಎಂದಳು ಅಕ್ಕ, ಇಬ್ಬರ ಪರವಾಗಿ.

"ಇವರು ನಾಲ್ಕು ಲೀಟರಿನದ್ದು ಅಲ್ವಾ?"

ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಅಷ್ಟರಲ್ಲಿ ಅಕ್ಕನಿಗೆ ಎಷ್ಟೆಲ್ಲ ಹೊಳೆಯಿತು. ಇಲ್ಲ ಎಂದರೆ ಯಾಕೆ ಎನ್ನುತ್ತಾರೆ. ನಾವು ಹೇಳಿದ್ದು ಬಿಟ್ಟು ನಿಮ್ಮಿಷ್ಟ ಬಂದ ಹಾಗೆ ಮಾಡಿದ್ದೀರಿ, ಏಳಿ, ಮನೆಗೆ ಹೋಗಿ ಎನ್ನುತ್ತಾರೆ. ಮತ್ತೆ ಸಾಲಿನ ತುದಿ. ಮತ್ತೆ ತಿಂಗಳುಗಟ್ಟಲೆ ರಕ್ತ. ಇಲ್ಲಿವರೆಗೆ ಬಂದು, ಬಾಗಿಲ ಮುಂದೆ ನಿಂತು, ತಾನೇ ಬಾಯಿ ಬಿಟ್ಟು ಅವನ ಸರದಿ ಕಳೆಯುವುದೇ?

"ಹೂಂ," ಎಂದಳು.

ನರ್ಸ್ ಗುರುತು ಹಾಕಿಕೊಂಡು, ರಕ್ತದೊತ್ತಡ ನೋಡುವ ಪಟ್ಟಿಯನ್ನು ಮರಿಯ ತೋಳಿಗೆ ಸುತ್ತಿ ಗುಂಡಿ ಒತ್ತಿದಳು. ಯಂತ್ರ ಗುರ್ ಎಂದಿತು. ಪಟ್ಟಿ ಉಬ್ಬಿ ತೋಳನ್ನು ಬಿಗಿಯಿತು. ಆಗ ಅಕ್ಕ ನೋಡಿದಳು: ಮರಿಯ ಕೈ ತಾನಾಗಿಯೇ ಮಡಚಿಕೊಳ್ಳತೊಡಗಿತು. ಮಣಿಕಟ್ಟು ಒಳಕ್ಕೆ ಬಾಗಿತು, ಬೆರಳುಗಳು ನೀಳವಾಗಿ ಒಂದಕ್ಕೊಂದು ಅಂಟಿಕೊಂಡವು, ಹೆಬ್ಬೆರಳು ಅಂಗೈಯೊಳಗೆ ಸೇರಿಕೊಂಡಿತು. ಅವನು ಬಿಡಿಸಲು ನೋಡಿದ. ಬಿಡಿಸಲಾಗಲಿಲ್ಲ.

"ಅಕ್ಕ," ಎಂದ. ಅಷ್ಟೇ ಎಂದ.

ನರ್ಸಿನ ಅವಸರ ಅಲ್ಲೇ ನಿಂತಿತು. ಕೈ ನೋಡಿದಳು, ಮುಖ ನೋಡಿದಳು, ಪಟ್ಟಿಯ ಗಾಳಿ ಬಿಟ್ಟಳು.

"ಇವರು ಏನು ಕುಡಿದಿದ್ದಾರೆ?"

"ಹೇಳಿದ್ನಲ್ಲ..."

"ಅಮ್ಮ, ನನ್ನ ನೋಡಿ. ಆ ಕ್ಯಾನಿನ ಔಷಧಿ ಕುಡಿದ್ರೆ ಹೀಗೆ ಆಗಲ್ಲ. ಇವರು ಏನು ಕುಡಿದಿದ್ದಾರೆ?"

ಆ ಗಳಿಗೆಯಲ್ಲಿ ಅಕ್ಕ ಸುಳ್ಳನ್ನೇ ಹಿಡಿದುಕೊಂಡು ಕೂರಬಹುದಾಗಿತ್ತು. ಕೂರಬೇಕೆಂದು ಅವಳ ಮನಸ್ಸಿನ ಒಂದು ಮೂಲೆ ಆಗಲೂ ಹಟ ಮಾಡಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಕೈ ಅವಳ ಕಣ್ಣ ಮುಂದಿತ್ತು.

"ನಂದು ಕುಡಿದಿದ್ದಾನೆ," ಎಂದಳು. "ಸಣ್ಣ ಬಾಟಲಿ. ಎರಡೂ. ಅವನದ್ದು ನಾನು ಕುಡಿದೆ. ನಾನೇ ಕೊಟ್ಟೆ, ಅವನದ್ದೇನೂ ತಪ್ಪಿಲ್ಲ. ಅವನಿಗೆ ವಾಂತಿ ಆಯ್ತು, ಅದಕ್ಕೆ ನಾನೇ..."

ಮಾತು ಮುಗಿಯುವುದನ್ನು ನರ್ಸ್ ಕಾಯಲಿಲ್ಲ. ಗೋಡೆಯ ಗುಂಡಿ ಒತ್ತಿದಳು. ಎಲ್ಲಿದ್ದರೋ ಅಷ್ಟೊಂದು ಜನ, ಪರದೆ ಸರಿಸಿಕೊಂಡು ಬಂದರು. ಮರಿಯ ಎದೆಗೆ ತಂತಿ ಅಂಟಿಸಿದರು, ತೋಳಿಗೆ ಸೂಜಿ ಚುಚ್ಚಿದರು, ರಕ್ತ ಎಳೆದರು. ಒಂದು ಮಾನಿಟರಿನ ಮೇಲೆ ಹೃದಯ ಬಡಿತದ ಹಸಿರು ಗೆರೆ ಓಡತೊಡಗಿತು. ಅದು ಓಡುವ ರೀತಿ ಅಲ್ಲಿದ್ದವರಿಗೆ ಹಿಡಿಸಲಿಲ್ಲ ಎಂಬುದು ಅಕ್ಕನಿಗೆ ಅವರ ಬೆನ್ನು ನೋಡಿಯೇ ತಿಳಿಯಿತು. ಡಾಕ್ಟರು ಬಂದರು. ಕನ್ನಡಕದ ಮಧ್ಯವಯಸ್ಸಿನ ಹೆಂಗಸು, ಮೆಲುದನಿಯವರು. ಅವರು ಮೆಲ್ಲಗೆ ಮಾತಾಡಿದ್ದು ಕೇಳಿ ಅಕ್ಕನಿಗೆ ಇನ್ನೂ ಭಯವಾಯಿತು.

"ಈ ಸಣ್ಣ ಬಾಟಲಿಯಲ್ಲಿರೋದು ಗಟ್ಟಿ ಉಪ್ಪಿನ ದ್ರಾವಣ," ಎಂದರು ಡಾಕ್ಟರು, ಮರಿಯ ಗೆರೆಯಿಂದ ಕಣ್ಣು ತೆಗೆಯದೆ. "ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದು ತೊಳೆಯತ್ತೆ. ಆ ಉಪ್ಪು ಸ್ವಲ್ಪ ರಕ್ತಕ್ಕೂ ಸೇರತ್ತೆ. ಗಟ್ಟಿ ಕಿಡ್ನಿ ಆದ್ರೆ ಹೊರಗೆ ಹಾಕತ್ತೆ, ಇವರದ್ದು ಹಾಕಲ್ಲ. ಅದರಿಂದ ರಕ್ತದಲ್ಲಿ ಸುಣ್ಣದ ಅಂಶ, ಕ್ಯಾಲ್ಸಿಯಂ, ಕಮ್ಮಿ ಆಗಿಬಿಟ್ಟಿದೆ, ಕೈ ಮಡಚಿದ್ದು ಅದಕ್ಕೇ, ಹೃದಯದ ಬಡಿತ ಹಾದಿ ತಪ್ಪುತ್ತಿದೆ. ದೊಡ್ಡ ಕ್ಯಾನಿನದ್ದು ಹಾಗಲ್ಲ. ಅದು ಮೈಗೆ ಹತ್ತೋದಿಲ್ಲ, ಕೊಟ್ಟ ನೀರು ಕೊಟ್ಟ ಹಾಗೇ ಹೊರಗೆ ಹೋಗತ್ತೆ. ಕುಡಿಯೋಕ್ಕೆ ಕಷ್ಟ, ಆದರೆ ಮೆತ್ತಗಿನದ್ದು ಅದೇ."

ಮೆತ್ತಗಿನದ್ದು ಅದೇ. ಇಷ್ಟು ವರ್ಷದ ಅವಳ ಕಸುಬಿನ ಲೆಕ್ಕ ತಲೆಕೆಳಗಾಗಿ ಬಿತ್ತು. ಬೋಗುಣಿಯಲ್ಲಿ ಇದ್ದದ್ದೇ ಬಟ್ಟೆ ಸುಡುವ ನೀರು, ಅದನ್ನು ತಾನೇ ಮುಚ್ಚಳ ತಿರುಗಿಸಿ, ಅವನ ಬಾಯಿಗೆ ಹಿಡಿದಿದ್ದಳು. ಮಂಚದ ತುದಿಯಲ್ಲಿ ಕೂತಳು.

"ಉಳೀತಾನಾ?"

"ಈಗ ನೀವು ಹೇಳಿದ್ದಕ್ಕೆ ಏನು ಕೊಡಬೇಕು ಅಂತ ಗೊತ್ತಾಯ್ತು. ಕೊಡ್ತಾ ಇದೀವಿ. ನೋಡೋಣ."

ನೋಡೋಣ ಎಂಬ ಮಾತಿನ ಕೆಳಗೆ ಅಕ್ಕ ಕಾದಳು. ಒಂದು ಸೀಸೆಯ ಔಷಧಿ ಹನಿಹನಿಯಾಗಿ ಮರಿಯ ತೋಳಿನೊಳಗೆ ಇಳಿಯುತ್ತಿತ್ತು. ದೇವರ ಹೆಸರು ಹೇಳಲು ಹೋದರೆ ಬಾಯಿಗೆ ಬಂದದ್ದು ಅವಳ ನಾದಿನಿಯ ಮಾತು: ನಿಮ್ಮ ಕೈಲಿ ಬಿಟ್ಟಿದೀನಿ. ಈ ಕೈಯಿಂದಲೇ ಹೋಗಿಬಿಟ್ಟರೆ ಆ ಹುಡುಗಿಗೆ ಮುಖ ಹೇಗೆ ತೋರಿಸುವುದು? ಮುಖದ ಮಾತು ಇರಲಿ, ಅವನಿಲ್ಲದ ಲಾಂಡ್ರಿಯ ಬಾಗಿಲನ್ನು ಬೆಳಿಗ್ಗೆ ಎದ್ದು ಹೇಗೆ ತೆಗೆಯುವುದು? ಅವಳು ಅತ್ತಳು. ಗಟ್ಟಿಯಾಗಿಯೇ ಅತ್ತಳು. ಪಕ್ಕದ ಪರದೆಯಾಚೆ ಯಾರೋ ಕೆಮ್ಮಿದರು.

ಹಸಿರು ಗೆರೆ ಯಾವಾಗ ಹದಕ್ಕೆ ಬಂತೋ ಅವಳಿಗೆ ಗೊತ್ತಾಗಲಿಲ್ಲ. ಬೆನ್ನುಗಳು ಸಡಿಲಾದವು, ಒಬ್ಬೊಬ್ಬರಾಗಿ ಜನ ಕರಗಿದರು. ಮರಿಯ ಹೆಬ್ಬೆರಳು ಅಂಗೈಯಿಂದ ಹೊರಗೆ ಬಂದಿತ್ತು. ಅವನು ಬೆರಳುಗಳನ್ನು ಬಿಚ್ಚಿ ಮುಚ್ಚಿ ನೋಡಿಕೊಂಡ.

"ಅಪಾಯ ದಾಟಿತು," ಎಂದರು ಡಾಕ್ಟರು. "ಕಿಡ್ನಿಗೆ ಎಷ್ಟು ಪೆಟ್ಟಾಗಿದೆ ಅಂತ ಎರಡು ಮೂರು ದಿನ ಇಲ್ಲೇ ಇಟ್ಕೊಂಡು ನೋಡ್ಬೇಕು. ಇವತ್ತು ಇವರಿಗೆ ಪರೀಕ್ಷೆ ಇಲ್ಲ."

"ಹಾಗಂದ್ರೆ ಹೇಗೆ ಡಾಕ್ಟ್ರೇ? ರಕ್ತ ಬೀಳ್ತಿರೋದು ಅವನಿಗೆ!"

"ಗೊತ್ತು. ಸಾಲಿನ ಕೊನೆಗೆ ಕಳಿಸಲ್ಲ, ನಾನೇ ದಿನ ಕೊಡ್ತೀನಿ. ಈಗ ನೀವು ತಯಾರಿದ್ದೀರಿ. ನಿಮ್ಮ ಸರದಿ ಬಂದಿದೆ."

"ನಂಗೇನೂ ಬೇಡ. ನಾನಿವನನ್ನ ಬಿಟ್ಟು ಎಲ್ಲೂ ಹೋಗಲ್ಲ."

"ಹೋಗು ಅಕ್ಕ," ಎಂದ ಮರಿ, ಮಂಚದಿಂದ. ದನಿ ಸಣ್ಣಗಿತ್ತು. "ಅಷ್ಟು ಕಷ್ಟಪಟ್ಟು ಕುಡಿದಿದೀಯ. ಇಬ್ಬರದ್ದೂ ಹಾಳಾಗೋದು ಬೇಡ."

ಅವನು ಹೇಳಿದ್ದಕ್ಕೆ ಹೋದಳು. ಒಳಗಿನ ಕೋಣೆ ತಣ್ಣಗಿತ್ತು. ಎಡಕ್ಕೆ ಹೊರಳಿ ಮಲಗಲು ಹೇಳಿದರು, ಮೊಣಕಾಲು ಎದೆಗೆ ತರಲು ಹೇಳಿದರು. ತೋಳಿಗೆ ಏನನ್ನೋ ಚುಚ್ಚಿದರು. ನಾಚಿಕೆ ಪಡಬೇಕಾದ ಹೊತ್ತಿನಲ್ಲಿ ಅವಳು ಹಸಿರು ಗೆರೆಯನ್ನೇ ಯೋಚಿಸುತ್ತಿದ್ದಳು. ತೋಳಿನಿಂದ ಒಂದು ಬೆಚ್ಚನೆಯ ಮಂಪರು ಮೇಲಕ್ಕೆ ಹತ್ತಿತು.

ಕಣ್ಣು ಬಿಟ್ಟಾಗ ಅವಳು ಮತ್ತೆ ಪರದೆಯ ಮಂಚದಲ್ಲಿದ್ದಳು. ಪಕ್ಕದಲ್ಲಿ ಮರಿ ಗಾಲಿಕುರ್ಚಿಯಲ್ಲಿ ಕೂತಿದ್ದ, ತೋಳಿನ ನಳಿಕೆ ಕಂಬಕ್ಕೆ ನೇತಾಡುತ್ತಿತ್ತು. ಅವನ ಕಣ್ಣುಗಳು ಕೆಂಪಾಗಿದ್ದವು. ಅವಳು ಗಾಬರಿಯಾಗಿ ಏಳಲು ಹೋದಳು.

"ಏನಾಯ್ತು? ಮತ್ತೆ ಕೈ ಮಡಚಿತಾ?"

"ಇಲ್ಲ. ಮಲ್ಕೋ. ನಾನು ಚೆನ್ನಾಗಿದೀನಿ." ಅವನು ಅವಳನ್ನು ಮತ್ತೆ ದಿಂಬಿಗೆ ಒರಗಿಸಿದ. "ಅಕ್ಕ, ಆ ನರ್ಸ್ ನಂಗೆ ಹೇಳಿದ್ರು. ಔಷಧಿ ಕೊಟ್ಟ ದಿನ. ಸಣ್ಣ ಬಾಟಲಿಯದ್ದು ನಿಮಗಾಗಲ್ಲ, ತಪ್ಪಿಯೂ ಮುಟ್ಟಬೇಡಿ ಅಂದ್ರು. ನಿನ್ನೆ ನಿಂಗೆ ಹೇಳಲಿಲ್ಲ. ಆ ಕ್ಯಾನು ನೋಡಿ ಹೆದರ್ಕೊಂಡೆ. ಒಂದು ಬಾಟಲಿಗೆ ಏನಾಗತ್ತೆ ಅಂದ್ಕೊಂಡೆ. ನೀನು ಎಲ್ಲರ ಮುಂದೆ ನಂದೇ ತಪ್ಪು ಅಂತ ನಿಂತೆಯಲ್ಲ..."

ಇದಕ್ಕೋ ಅವನು ಅತ್ತದ್ದು! ಅಕ್ಕನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೈ ನೀಡಿ ಅವನ ತಲೆಗೆ ಒಂದು ಮೊಟಕಿದಳು. ಮಂಪರಿನಲ್ಲಿ ಕೈ ಗುರಿ ತಪ್ಪಿ ಕಿವಿಗೆ ಬಿತ್ತು.

"ಕತ್ತೆ. ಬದುಕಿದೀಯಲ್ಲ, ಬಿಡು. ನಿಂಗೆ ಯಾವತ್ತು ಅಂದ್ರು? ದಿನ ಕೊಟ್ರಾ?"

ಮರಿ ಮುಖ ತಿರುಗಿಸಿದ.

"ಕೊಡ್ಲಿಲ್ವಾ? ಕೊಡ್ತೀನಿ ಅಂದಿದ್ರಲ್ಲ! ಕರಿ ಅವರನ್ನ, ನಾನು ಕೇಳ್ತೀನಿ."

"ಕೊಟ್ರು. ಬರೋ ವಾರ. ಅಕ್ಕ, ಡಾಕ್ಟ್ರು ಆಗಲೇ ಬಂದಿದ್ರು. ನಿನ್ನ ಹತ್ತಿರ ಮಾತಾಡಿದ್ರು. ಇಲ್ಲೇ ನಿಂತು ಎಲ್ಲಾ ಹೇಳಿದ್ರು. ನೀನು ಹೂಂ ಹೂಂ ಅಂದೆ."

"ನಾನಾ? ನಂಗೇನೂ ನೆನಪಿಲ್ಲ."

"ಇಂಜೆಕ್ಷನ್ನಿಂದ ಹಾಗಾಗತ್ತಂತೆ. ಆಮೇಲೆ ಮತ್ತೆ ಹೇಳ್ತೀವಿ ಅಂದ್ರು." ಅವನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ತಳ್ಳಿಕೊಂಡ. ಕಂಬವೂ ಕಿರ್ರೆಂದು ಜೊತೆಗೆ ಬಂತು. "ನಾನೇ ಹೇಳ್ತೀನಿ ಅಂತ ಒಪ್ಕೊಂಡೆ."

ಅವಳು ಅವನ ಮುಖ ನೋಡಿದಳು. ತಾಯಿಯ ವಿಷಯ ಡಾಕ್ಟರು ಹೇಳಿದ ದಿನ ಅವಳು ಇದೇ ರೀತಿ ಕುರ್ಚಿ ಎಳೆದುಕೊಂಡು ಕೂತು ಅವನಿಗೆ ತಿಳಿಸಿದ್ದಳು. ಆಗ ತನ್ನ ಮುಖ ಹೀಗೇ ಇದ್ದಿರಬೇಕು.

"ನಂಗಾ?" ಎಂದಳು.

"ಬಲಗಡೆ, ಕರುಳಿನ ಮಡಿಕೆಯೊಳಗೆ. ಚಪ್ಪಟೆ ಗಡ್ಡೆ ಅಂಟ್ಕೊಂಡಿದೆಯಂತೆ. ತುಂಡು ಕತ್ತರಿಸಿ ಪರೀಕ್ಷೆಗೆ ಕಳಿಸಿದಾರೆ. ಆದರೆ ಅಮ್ಮಂಗೆ ಬಂದಿದ್ದೇ ಇದು ಅಂತ ನೋಡಿದ್ರೇನೇ ಗೊತ್ತಾಗತ್ತೆ ಅಂದ್ರು. ಆಪರೇಷನ್ ಆಗಬೇಕಂತೆ. ಬೇಗ ಸಿಕ್ಕಿದೆ, ಪೂರ್ತಿ ತೆಗೀಬಹುದು ಅನ್ಸತ್ತೆ ಅಂದ್ರು. ಅನ್ಸತ್ತೆ ಅಂತಾನೇ ಅಂದ್ರು ಅಕ್ಕ, ನಾನು ಸೇರಿಸಿಲ್ಲ. ನಿನ್ನ ಹೊಟ್ಟೆ ಗಾಜಿನ ಹಾಗೆ ಸ್ವಚ್ಛ ಇತ್ತಂತೆ. ಸಣ್ಣ ಬಾಟಲಿ ಕುಡಿದಿದ್ರೆ ಇದು ಕಾಣ್ತಿರಲಿಲ್ವಾ ಅಂತ ಕೇಳಿದೆ. ಹಾಗೆ ಹೇಳೋಕ್ಕಾಗಲ್ಲ, ಅದೂ ಚೆನ್ನಾಗೇ ತೊಳೆಯತ್ತೆ ಅಂದ್ರು."

ಹಜಾರದಲ್ಲಿ ಯಾರೋ ಗಾಲಿಮಂಚ ತಳ್ಳಿಕೊಂಡು ಹೋದರು.

"ನಾನೇನು ಹೇಳಿದೆ?" ಎಂದು ಕೇಳಿದಳು. "ಅವರು ಹೇಳಿದಾಗ?"

"ನೀನು ಎಲ್ಲಾ ಕೇಳಿಸ್ಕೊಂಡೆ. ಏನಾದ್ರೂ ಕೇಳೋದಿದೆಯಾ ಅಂದ್ರು. ಮರಿಗೆ ಯಾವತ್ತು ಅಂತ ಕೇಳಿದೆ. ಅದೊಂದೇ ಕೇಳಿದೆ."

ಅವಳಿಗೆ ಅದು ನೆನಪಿರಲಿಲ್ಲ, ಆದರೆ ನಂಬಿಕೆಯಾಯಿತು. ತನ್ನ ಮೈ ಎಂಬುದೊಂದು ಇದೆ, ಅದರೊಳಗೂ ಏನಾದರೂ ಬೆಳೆಯಬಹುದು ಎಂಬ ಯೋಚನೆ ಇಷ್ಟು ತಿಂಗಳಲ್ಲಿ ಒಮ್ಮೆಯೂ ಅವಳ ಹತ್ತಿರ ಸುಳಿದಿರಲಿಲ್ಲ. ಈಗ ಸುಳಿಯಿತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು, ಬಲಗಡೆ. ತಾಯಿಯ ಇಳಿದ ಮೈ ಕಣ್ಣ ಮುಂದೆ ಬಂತು. ಆದರೆ ಈ ಸಲ ಆ ಮೈ ತನ್ನದು, ಅದನ್ನು ಒರೆಸುವ ಕೈ ಬೇರೆ ಯಾರದ್ದೋ. ಅಕ್ಕನಿಗೆ ಭಯವಾಯಿತು. ಯಾರಿಗೋಸ್ಕರವೂ ಅಲ್ಲದ, ತನ್ನದೇ ಆದ ಭಯ. ಅದನ್ನು ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಪರದೆ ಸರಿಸಿ ನರ್ಸ್ ಇಣುಕಿದಳು. ಮರಿಯನ್ನು ಮೇಲಿನ ವಾರ್ಡಿಗೆ ಕರೆದೊಯ್ಯುವ ಹೊತ್ತಾಯಿತು ಎಂದಳು.

"ಸ್ವಲ್ಪ ಇರ್ಲಿ ಸಿಸ್ಟರ್," ಎಂದಳು ಅಕ್ಕ. ಮರಿಯ ಕೈ ಹುಡುಕಿ ಹಿಡಿದುಕೊಂಡಳು. "ನಂಗೆ ಹೆದರಿಕೆ ಆಗ್ತಿದೆ ಕಣೋ. ಹೋಗ್ಬೇಡ."